ಪೇಟೆಗೆ ಹೋದ ವಿಶ್ವಾಸಿ: ಕ್ರೈಸ್ತರ ಖರೀದಿ ನೀತಿಯ ಚರ್ಚೆ, ಉಳ್ಳಾಲದಿಂದ ಒಂದು ಸಮೀಕ್ಷೆ

ಸೆಪ್ಟೆಂಬರ್ ಮೊದಲ ವಾರ ಬಂತೆಂದರೆ ತೊಕ್ಕೊಟ್ಟಿನ ತರಕಾರಿ ಅಂಗಡಿಗಳಲ್ಲಿ ಬೆಂಡೆ, ಹೀರೆ, ಹರಿವೆ, ಕೆಸುವಿನ ದಂಟಿಗೆ ಬೇಡಿಕೆ ಏರುತ್ತದೆ. 8ನೇ ತಾರೀಕು ಮೊಂತಿ ಫೆಸ್ತ್. ಕರಾವಳಿಯ ಕಥೊಲಿಕರ ಮನೆಗಳಲ್ಲಿ ಅಂದು ಬಾಳೆಲೆಯ ಮೇಲೆ ಸಸ್ಯಾಹಾರದ ಊಟ. ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕೆಂಬುದು ರೂಢಿ. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಮಕ್ಕಳ ಕೈಗೆ ಕಬ್ಬು ಸಿಗುತ್ತದೆ. ಇದು ಹೊಸ ಬೆಳೆಯ ಹಬ್ಬ. ಆದರೆ ಪೆರ್ಮನ್ನೂರು, ಕೋಟೆಕಾರು, ಪಾನೀರು ಕಡೆಯ ಹೆಚ್ಚಿನ ಕುಟುಂಬಗಳಿಗೆ ಈಗ ಗದ್ದೆಯಿಲ್ಲ, ಹಿತ್ತಲಲ್ಲಿ ಬಸಳೆ ಚಪ್ಪರವೂ ಅಪರೂಪ. ಬೆಳೆದವರು ದೇವರಿಗೆ ಕೃತಜ್ಞತೆ ಹೇಳುತ್ತಿದ್ದ ಹಬ್ಬವನ್ನು ಇಂದು ಕೊಂಡವರು ಆಚರಿಸುತ್ತಿದ್ದಾರೆ.

ಹಾಗಾದರೆ ಕೊಳ್ಳುವ ಕೆಲಸದ ಬಗ್ಗೆ ಕ್ರೈಸ್ತ ವಿಶ್ವಾಸ ಏನು ಹೇಳುತ್ತದೆ? ದಾನದ ಬಗ್ಗೆ, ದಶಮಾಂಶದ ಬಗ್ಗೆ ಪ್ರವಚನ ಕೇಳಿ ಬೆಳೆದವರಿಗೂ ಮೀನು, ಅಕ್ಕಿ, ಬಟ್ಟೆ ಕೊಳ್ಳುವುದು ವಿಶ್ವಾಸದ ವಿಷಯ ಎಂದು ಹೇಳಿಕೊಟ್ಟವರು ಕಡಿಮೆ. ಪ್ರಶ್ನೆಯೇನೂ ಹೊಸದಲ್ಲ. ಎರಡು ಸಾವಿರ ವರ್ಷಗಳಿಂದ ಇದಕ್ಕೆ ಬೇರೆ ಬೇರೆ ಉತ್ತರಗಳು ಬಂದಿವೆ, ಅವು ಒಂದಕ್ಕೊಂದು ತಾಳೆಯಾಗುವುದೂ ಇಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತರು ಒಂದೇ ಪೇಟೆಯಲ್ಲಿ ಮಾರುವ, ಕೊಳ್ಳುವ ಉಳ್ಳಾಲದಲ್ಲಿ ಆ ಉತ್ತರಗಳನ್ನು ಚೆನ್ನಾಗಿ ಒರೆಗೆ ಹಚ್ಚಬಹುದು.

ಕೊರಿಂಥದ ಮಾಂಸದ ಅಂಗಡಿ

ಈ ಚರ್ಚೆಯ ಅತ್ಯಂತ ಹಳೆಯ ದಾಖಲೆ ಸಿಗುವುದು ಮಾಂಸದ ಅಂಗಡಿಯಲ್ಲಿ. ಕ್ರಿ.ಶ. 50ರ ದಶಕದಲ್ಲಿ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 8ರಿಂದ 10ನೇ ಅಧ್ಯಾಯಗಳಲ್ಲಿ ಇದರ ಸುದೀರ್ಘ ಚರ್ಚೆಯಿದೆ. ದೇವಾಲಯಗಳಲ್ಲಿ ಬಲಿ ಕೊಟ್ಟ ಪ್ರಾಣಿಯ ಮಾಂಸ ಪೇಟೆಯಲ್ಲಿ ಮಾರಾಟಕ್ಕೆ ಬರುತ್ತಿತ್ತು. ಅದನ್ನು ಕೊಳ್ಳಬಹುದೇ ಎಂಬುದು ಅಲ್ಲಿಯವರ ಸಂಕಟ. ಪೇಟೆಯಲ್ಲಿ ಸಿಗುವುದನ್ನು ವಿಚಾರಣೆಗೆ ಇಳಿಯದೆ ಕೊಂಡು ತಿನ್ನಿ, ಭೂಮಿಯೂ ಅದರಲ್ಲಿರುವುದೆಲ್ಲವೂ ದೇವರದೇ ಎನ್ನುವುದು ಪೌಲನ ನಿಲುವು. ಅದಕ್ಕೆ ಒಂದೇ ಷರತ್ತು: ನಿಮ್ಮ ಊಟದಿಂದ ಪಕ್ಕದವನ ಮನಸ್ಸಾಕ್ಷಿ ಎಡವುವುದಾದರೆ, ಅವನ ಸಲುವಾಗಿ ಬಿಟ್ಟುಬಿಡಿ.

ಈ ಸ್ವಾತಂತ್ರ್ಯವನ್ನು ಎಲ್ಲರೂ ಒಪ್ಪಿರಲಿಲ್ಲ. ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯದಲ್ಲಿ ಜೆರುಸಲೇಮಿನ ಸಭೆ ವಿಗ್ರಹಕ್ಕೆ ಅರ್ಪಿಸಿದ್ದನ್ನು ದೂರವಿಡಿ ಎಂದಿತು. ಪ್ರಕಟಣೆಯ ಗ್ರಂಥ ಪೆರ್ಗಮ, ಥುವತೈರಗಳ ಸಭೆಗಳನ್ನು ಇದೇ ಕಾರಣಕ್ಕೆ ಗದರಿಸುತ್ತದೆ. ಹೊಸ ಒಡಂಬಡಿಕೆಯೊಳಗೇ ಎರಡು ದನಿಗಳಿವೆ.

ಉಳ್ಳಾಲದಲ್ಲಿ ಕೋಳಿ, ಕುರಿ ಮಾಂಸದ ಅಂಗಡಿಗಳನ್ನು ನಡೆಸುವವರಲ್ಲಿ ಬ್ಯಾರಿ ಮುಸ್ಲಿಮರು ಹೆಚ್ಚು. ಅಲ್ಲಿ ನಡೆಯುವುದು ಹಲಾಲ್ ಕಟಾವು. ಕ್ರೈಸ್ತ ಮನೆಗಳು ತಲೆಮಾರುಗಳಿಂದ ಅಲ್ಲೇ ಕೊಂಡಿವೆ. ದೇವಸ್ಥಾನದ ಪ್ರಸಾದ ನೆರೆಮನೆಯಿಂದ ಬಂದರೆ ಕೈಚಾಚಿ ತೆಗೆದುಕೊಳ್ಳುವವರೂ ಇದ್ದಾರೆ, ಜೆರುಸಲೇಮಿನ ಮಾತನ್ನು ನೆನೆದು ನಯವಾಗಿ ಬೇಡವೆನ್ನುವವರೂ ಇದ್ದಾರೆ. 2022ರ ಯುಗಾದಿಗೆ ಮುನ್ನ ಕರ್ನಾಟಕದಲ್ಲಿ ಹಲಾಲ್ ಮಾಂಸ ಬಿಡಿ ಎಂಬ ಪ್ರಚಾರ ಎದ್ದಾಗ ಅದರ ಗುರಿ ಹೊಸತೊಡಕಿನ ದಿನ ಮಾಂಸ ಕೊಳ್ಳುವ ಹಿಂದೂಗಳು. ಆದರೂ ಮಾತು ಕ್ರೈಸ್ತರ ಅಡುಗೆಮನೆಗೂ ಬಂತು: ನಾವು ಏನು ಮಾಡಬೇಕು? ಪೌಲನ ಓದುಗರಿಗೆ ಇಲ್ಲಿ ಗೊಂದಲಕ್ಕೆ ಎಡೆಯಿಲ್ಲ ಎಂದೇ ನನ್ನ ಅಭಿಪ್ರಾಯ. ಯಾವ ಹೆಸರು ಹೇಳಿ ಕೊಯ್ದರು ಎಂಬ ಕಾರಣಕ್ಕೆ ನೆರೆಯವನ ಅಂಗಡಿ ದಾಟಿ ಹೋಗುವುದನ್ನು ಆ ಮೂರು ಅಧ್ಯಾಯಗಳಿಂದ ಸಮರ್ಥಿಸಲಾಗದು.

ಆದರೆ ಪೌಲನ ಉತ್ತರಕ್ಕೆ ಒಂದು ಮಿತಿಯಿದೆ. ಆ ಮಾಂಸ ಪೇಟೆಗೆ ಬರುವಾಗ ಯಾರ ಬೆವರು ಸುರಿಯಿತು, ಅವರಿಗೆ ಕೂಲಿ ಸಿಕ್ಕಿತೇ ಎಂದು ಅವನು ಅಲ್ಲಿ ಕೇಳುವುದಿಲ್ಲ. ವಿಚಾರಣೆ ಬೇಡ ಎಂಬ ಮಾತು ಪೂಜೆಯ ಸಂಶಯಕ್ಕೆ ಸಲ್ಲುತ್ತದೆ, ಅನ್ಯಾಯದ ಸಂಶಯಕ್ಕೆ ಸಲ್ಲದು.

ನ್ಯಾಯವಾದ ಬೆಲೆ

ಅನ್ಯಾಯದ ಮಾತು ಬೈಬಲ್ಲಿನಲ್ಲಿ ಬೇರೆ ಕಡೆ ಬರುತ್ತದೆ. ಯಾಜಕಕಾಂಡದ 19ನೇ ಅಧ್ಯಾಯ ಸರಿಯಾದ ತಕ್ಕಡಿ, ಸರಿಯಾದ ಬಟ್ಟು ಇಡಿ ಎನ್ನುತ್ತದೆ. ಪ್ರವಾದಿ ಆಮೋಸ, ಸಬ್ಬತ್ ದಿನ ಯಾವಾಗ ಮುಗಿದೀತು, ಅಳತೆ ಕುಗ್ಗಿಸಿ ಧಾನ್ಯ ಮಾರೋಣ ಎಂದು ಕಾಯುವ ವ್ಯಾಪಾರಿಗಳ ಮೇಲೆ ಸಿಡಿಯುತ್ತಾನೆ. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದನ್ನು ಒಂದು ಸಿದ್ಧಾಂತವಾಗಿ ಕಟ್ಟಿದ. ಯೋಗ್ಯತೆಗಿಂತ ಹೆಚ್ಚು ಬೆಲೆಗೆ ಮಾರುವುದು ಅನ್ಯಾಯ ಎಂಬ ಅವನ ಮಾತು ಎಲ್ಲರಿಗೂ ನೆನಪಿದೆ. ಯೋಗ್ಯತೆಗಿಂತ ಕಡಿಮೆಗೆ ಕೊಳ್ಳುವುದೂ ಅಷ್ಟೇ ಅನ್ಯಾಯ ಎಂದೂ ಅವನು ಅಲ್ಲೇ ಹೇಳಿದ್ದಾನೆ. ಮಾರುವವನು ಬಂಗಾರವನ್ನು ಹಿತ್ತಾಳೆ ಎಂದು ತಪ್ಪು ತಿಳಿದು ಕೊಟ್ಟರೆ, ಗೊತ್ತಿದ್ದೂ ಕೊಂಡವನು ವ್ಯತ್ಯಾಸವನ್ನು ಹಿಂದಿರುಗಿಸಬೇಕು. 1524ರಲ್ಲಿ ಮಾರ್ಟಿನ್ ಲೂಥರ್ ವ್ಯಾಪಾರ ಮತ್ತು ಬಡ್ಡಿಯ ಬಗ್ಗೆ ಬರೆದಾಗ, ನನ್ನ ಸರಕನ್ನು ಸಾಧ್ಯವಾದಷ್ಟು ದುಬಾರಿಗೆ ಮಾರುತ್ತೇನೆ ಎಂಬ ವರ್ತಕರ ಸೂತ್ರವನ್ನೇ ಖಂಡಿಸಿದ. ಇಂಗ್ಲೆಂಡಿನ ಕ್ವೇಕರರು ಚೌಕಾಸಿಯಲ್ಲಿ ಸುಳ್ಳು ಸೇರಿಕೊಳ್ಳುತ್ತದೆಂದು 17ನೇ ಶತಮಾನದಲ್ಲೇ ಒಂದೇ ದರ ಹೇಳಿ ಮಾರತೊಡಗಿದರು.

ಇದನ್ನು ಉಳ್ಳಾಲದ ಮೀನಿನ ಮುಂದಿಟ್ಟು ನೋಡಿ. ಬೆಳಗಿನ ಜಾವ ಮಂಗಳೂರಿನ ದಕ್ಕೆಯಲ್ಲಿ ಏಲಂ ಕೂಗುತ್ತಾರೆ. ಮೊಗವೀರ ಹೆಂಗಸು ಅಲ್ಲಿ ಬೂತಾಯಿಯೋ ಬಂಗುಡೆಯೋ ಹಿಡಿದು, ಐಸಿಗೆ ಕೊಟ್ಟು, ರಿಕ್ಷಾ ಬಾಡಿಗೆ ಕೊಟ್ಟು ಬಂದು ಕೂರುತ್ತಾಳೆ. ಕೊಳ್ಳುವವರು ಬಂಗುಡೆಯ ಕಿವಿರು ಎತ್ತಿ ಕೆಂಪು ನೋಡುತ್ತಾರೆ, ಬೆರಳಿಂದ ಒತ್ತಿ ನೋಡುತ್ತಾರೆ, ಆಮೇಲೆ ದರ ಇಳಿಸಲು ಶುರುಮಾಡುತ್ತಾರೆ. ಮಧ್ಯಾಹ್ನ ಹತ್ತಿರವಾದಷ್ಟೂ ಅವಳ ಕೈ ಸೋಲುತ್ತದೆ, ಉಳಿದ ಮೀನನ್ನು ನಾಳೆಗೆ ಇಡಲಾಗದು. ಆ ಹೊತ್ತು ಕಾದು ಅಸಲಿಗಿಂತ ಕೆಳಗೆ ಇಳಿಸಿ ಕೊಂಡವರನ್ನು ಅಕ್ವಿನಾಸನ ನ್ಯಾಯ ಸುಮ್ಮನೆ ಬಿಡುವುದಿಲ್ಲ. ಬಿಲ್ಲಿಂಗ್ ಯಂತ್ರದ ಮುಂದೆ ತುಟಿ ಬಿಚ್ಚದ ನಾವು ಇವಳ ಮುಂದೆ ಮಾತ್ರ ನಿಪುಣರಾಗುವುದರಲ್ಲಿ ನ್ಯಾಯವಿಲ್ಲ.

ಆದರೆ ಚೌಕಾಸಿಯೆಲ್ಲ ಶೋಷಣೆಯೆಂದರೆ ಅದೂ ತಪ್ಪು. ಖಾಯಂ ಗಿರಾಕಿಗೆ ಅವಳು ಒಂದು ಹಿಡಿ ಹೆಚ್ಚು ಹಾಕುತ್ತಾಳೆ. ಕೈಯಲ್ಲಿ ದುಡ್ಡಿಲ್ಲದ ದಿನ ನಾಳೆ ಕೊಡಿ ಅಕ್ಕ ಎನ್ನುತ್ತಾಳೆ. ಮನೆಯಲ್ಲಿ ಸಾವಾದರೆ ಬಂದು ಕೂರುತ್ತಾಳೆ. ನಿಗದಿತ ದರದ ಅಂಗಡಿಯಲ್ಲಿ ಸುಳ್ಳಿಲ್ಲ, ಈ ನಂಟೂ ಇಲ್ಲ. ನ್ಯಾಯಬೆಲೆಯ ಪಂಥ ಸರಕಿನ ಯೋಗ್ಯತೆಯನ್ನು ಅಳೆಯಬಲ್ಲದು, ಈ ನಂಟು ಅದರ ತಕ್ಕಡಿಗೆ ಬರುವುದಿಲ್ಲ.

ಎದುರು ದಡದ ಹಂಚಿನ ಕಾರ್ಖಾನೆ

ವಿಶ್ವಾಸವನ್ನೂ ಮಾರುಕಟ್ಟೆಯನ್ನೂ ಒಟ್ಟಿಗೆ ಹಿಡಿಯಲು ಹೊರಟ ದೊಡ್ಡ ಪ್ರಯೋಗ ನಡೆದದ್ದು ನಮ್ಮ ನೇತ್ರಾವತಿ ಹೊಳೆಯ ಎದುರು ದಡದಲ್ಲೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ಗೆ ಮತಾಂತರವಾದವರ ಹೊಟ್ಟೆಪಾಡು ತಕ್ಷಣದ ಸಮಸ್ಯೆಯಾಯಿತು. ಜಾತಿಯಿಂದ ಹೊರಬಿದ್ದವರಿಗೆ ಕಸುಬು ತಪ್ಪಿತು. ಮೂರ್ತೆ ಮಾಡುತ್ತಿದ್ದ ಬಿಲ್ಲವರಿಗೆ ಕಳ್ಳು ಇಳಿಸಬಾರದೆಂದು ಮಿಶನ್ ಹೇಳಿತು. ಬದಲಿ ಕೆಲಸ ಕೊಡಬೇಕಾಯಿತು. ನೇಯ್ಗೆ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ಆವೆಮಣ್ಣಿನಿಂದ ಹಂಚಿನ ಕಾರ್ಖಾನೆ ತೆರೆದ. ಖಾಕಿ ಬಣ್ಣವನ್ನು ಇಲ್ಲಿನ ನೇಯ್ಗೆ ಶಾಲೆಯಲ್ಲಿ ಜಾನ್ ಹಾಲರ್ ತಯಾರಿಸಿದನೆಂದು ಮಂಗಳೂರಿಗರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಇದಕ್ಕೆಲ್ಲ ಬೆನ್ನೆಲುಬಾಗಿ 1859ರಲ್ಲಿ ಮಿಶನ್ನಿನ ವ್ಯಾಪಾರ ಕಂಪನಿ ಹುಟ್ಟಿತು. ಷೇರುದಾರರ ಲಾಭಾಂಶಕ್ಕೆ ಮಿತಿ, ಮಿಕ್ಕಿದ್ದು ಸುವಾರ್ತಾ ಕೆಲಸಕ್ಕೆ. ಭಾನುವಾರ ಕೆಲಸವಿಲ್ಲ. ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ ವ್ಯಾಪಾರ ಮಾಡುವಾಗ ಹೆಂಡ, ಮದ್ದುಗುಂಡು ಮಾರುವುದಿಲ್ಲ ಎಂಬ ಪಣ.

ದುಡಿ, ಮಿತವಾಗಿ ಬದುಕು, ಉಳಿದದ್ದನ್ನು ಕೊಡು ಎಂಬ ಈ ನೀತಿಯನ್ನು 18ನೇ ಶತಮಾನದಲ್ಲಿ ಜಾನ್ ವೆಸ್ಲಿ ಹಣದ ಬಗೆಗಿನ ತನ್ನ ಪ್ರಸಿದ್ಧ ಪ್ರವಚನದಲ್ಲಿ ಬೋಧಿಸಿದ್ದ. ಇಂಥ ಶಿಸ್ತೇ ಬಂಡವಾಳಶಾಹಿಗೆ ಮನೋಬಲ ಕೊಟ್ಟಿತೆಂದು 1904-05ರಲ್ಲಿ ಮ್ಯಾಕ್ಸ್ ವೇಬರ್ ವಾದಿಸಿದ. ಮಂಗಳೂರಿನ ಪ್ರಯೋಗ ಈ ಪಂಥದ ಶಕ್ತಿಯನ್ನೂ ಇಕ್ಕಟ್ಟನ್ನೂ ತೋರಿಸುತ್ತದೆ. ಸಾವಿರಾರು ಕುಟುಂಬಗಳು ಅನ್ನ ಕಂಡವು. ಅದೇ ಹೊತ್ತಿಗೆ ಗುರುವೂ ಧಣಿಯೂ ಒಂದೇ ಸಂಸ್ಥೆಯಾದಾಗ ಕೂಲಿ ಸಾಲದೆಂದು ಹೇಳುವುದು ಕಷ್ಟ. ಸುವಾರ್ತೆಗೂ ವ್ಯಾಪಾರಕ್ಕೂ ಗಂಟು ಹಾಕುವುದು ಸರಿಯೇ ಎಂಬ ತಕರಾರು ಮಿಶನ್ನಿನ ಒಳಗೇ ಇತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಈ ಉದ್ಯಮಗಳನ್ನು ವಶಪಡಿಸಿಕೊಂಡರು, ಅವು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಚರ್ಚೆ ಮುಗಿಯುವ ಮೊದಲೇ ಪ್ರಯೋಗ ಮುಗಿಯಿತು.

ಆ ಪರಂಪರೆಯ ಸಿಎಸ್ಐ ಸಭೆಗಳಲ್ಲಿ ಸುಗ್ಗಿ ಹಬ್ಬದ ಏಲಂ ಇಂದಿಗೂ ನಡೆಯುತ್ತದೆ. ವಿಶ್ವಾಸಿಗಳು ತಂದ ಕುಂಬಳಕಾಯಿ, ತೆಂಗಿನಕಾಯಿ, ಕೋಳಿಮೊಟ್ಟೆಗೆ ಪೇಟೆಯ ಹತ್ತು ಪಟ್ಟು ಬೆಲೆ ಕೂಗುತ್ತಾರೆ, ಕೊಂಡವನು ಅದನ್ನೇ ಮತ್ತೆ ಏಲಮಿಗೆ ಕೊಡುವುದೂ ಉಂಟು. ಅಗ್ಗವಾಗಿ ಸಿಕ್ಕಿತೆಂದು ಬೀಗುವವರು ಅಲ್ಲಿ ಯಾರೂ ಇರುವುದಿಲ್ಲ. ಕ್ರೈಸ್ತ ಖರೀದಿಯ ಬಗ್ಗೆ ಬರೆಯುವ ಪಂಡಿತರು ಈ ಏಲಮನ್ನು ಗಮನಿಸಬೇಕಿತ್ತು.

ಕೊಳ್ಳುವುದಿಲ್ಲ ಎಂದವರು

ಇನ್ನೊಂದು ಪಂಥ ಕೈಹಿಡಿದು ನಿಲ್ಲಿಸುವವರದು. ಅಮೆರಿಕದ ಕ್ವೇಕರ್ ಜಾನ್ ವೂಲ್ಮನ್ (1720-1772) ಗುಲಾಮರು ಬೆಳೆದ ಸಕ್ಕರೆಯನ್ನೂ ಬಣ್ಣ ಹಾಕಿದ ಬಟ್ಟೆಯನ್ನೂ ಬಿಟ್ಟ. 1791ರ ನಂತರ ಬ್ರಿಟನ್ನಿನಲ್ಲಿ ಸುಮಾರು 3 ಲಕ್ಷ ಜನ ವೆಸ್ಟ್ ಇಂಡೀಸಿನ ಸಕ್ಕರೆ ನಿಲ್ಲಿಸಿದರೆಂದು ಥಾಮಸ್ ಕ್ಲಾರ್ಕ್‌ಸನ್ ಅಂದಾಜಿಸಿದ್ದ. 1988ರಲ್ಲಿ ನೆದರ್‌ಲೆಂಡ್ಸಿನಲ್ಲಿ ಮೊದಲ ನ್ಯಾಯವ್ಯಾಪಾರ ಮುದ್ರೆ ಕಾಫಿ ಪೊಟ್ಟಣದ ಮೇಲೆ ಬಂದಾಗ ಅದರ ಹಿಂದೆ ಮೆಕ್ಸಿಕೋದ ಬಡ ಬೆಳೆಗಾರರ ನಡುವೆ ದುಡಿಯುತ್ತಿದ್ದ ಡಚ್ ಪಾದ್ರಿ ಫ್ರಾನ್ಸ್ ಫಾನ್ ಡರ್ ಹಾಫ್ ಇದ್ದರು.

ಭಾರತದಲ್ಲಿ ಈ ಮಾತನ್ನು ಯಾರಿಗಿಂತಲೂ ಖಚಿತವಾಗಿ ಹೇಳಿದವರು ತಂಜಾವೂರಿನ ಕ್ರೈಸ್ತ ಕುಟುಂಬದ ಜೆ.ಸಿ. ಕುಮಾರಪ್ಪ (1892-1960). ಲೆಕ್ಕಪರಿಶೋಧಕರಾಗಿದ್ದವರು ಗಾಂಧೀಜಿಯ ಗ್ರಾಮೋದ್ಯೋಗದ ಕೆಲಸಕ್ಕೆ ಬಂದರು. ಕದ್ದ ಮಾಲು ಕೊಂಡವನು ಕಳ್ಳತನದಲ್ಲಿ ಪಾಲುದಾರನಾಗುವಂತೆ, ಬಲವಂತದ ದುಡಿಮೆಯಿಂದ ಬಂದ ಕೋಕೋ ಕುಡಿದವನು ಆ ಬಲವಂತದಲ್ಲಿ ಪಾಲುದಾರ ಎಂಬುದು ಅವರ ವಾದ. ಎಲ್ಲಿಂದ ಬಂತೆಂದು ತಿಳಿಯಲಾಗದಷ್ಟು ದೂರದ ಸರಕಿಗಿಂತ, ಮಾಡಿದವನನ್ನು ಹೋಗಿ ನೋಡಬಹುದಾದಷ್ಟು ಹತ್ತಿರದ ಸರಕು ಲೇಸು ಎಂದು ಅವರು ತೀರ್ಮಾನಿಸಿದರು. 1945ರಲ್ಲಿ ಯೇಸುವಿನ ಬೋಧನೆ, ಆಚರಣೆಗಳ ಬಗ್ಗೆಯೂ ಅವರ ಪುಸ್ತಕ ಬಂತು. ನಮ್ಮ ದೇವಶಾಸ್ತ್ರ ತರಗತಿಗಳಲ್ಲಿ ಕುಮಾರಪ್ಪನವರಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬುದು ನನ್ನ ಖೇದ.

ಎಷ್ಟು ದೂರದವರೆಗೆ ನಾನು ಹೊಣೆ? ಇದಕ್ಕೆ ಕಥೊಲಿಕ ನೀತಿಶಾಸ್ತ್ರ 18ನೇ ಶತಮಾನದ ಸಂತ ಅಲ್ಫೋನ್ಸಸ್ ಲಿಗೋರಿಯ ಕಾಲದಿಂದ ಮೆಟ್ಟಿಲುಗಳನ್ನು ಕಟ್ಟಿದೆ. ಕೆಡುಕನ್ನು ಮನಸಾರೆ ಬಯಸಿ ಕೈಜೋಡಿಸುವುದು ಬೇರೆ, ಬಯಸದೆ ನೆರವಾಗುವುದು ಬೇರೆ. ಅದರಲ್ಲೂ ಹತ್ತಿರದ ನೆರವು, ದೂರದ ನೆರವು ಎಂಬ ಭೇದ. ಉಳ್ಳಾಲದ ಕೋಟೆಪುರದಲ್ಲಿ ಮೀನಿನ ಹುಡಿ, ಮೀನೆಣ್ಣೆ ಮಾಡುವ ಘಟಕಗಳಿವೆ. ಊಟದ ತಟ್ಟೆಗೆ ಬರಬಹುದಾದ ಬೂತಾಯಿ ಅಲ್ಲಿ ಹುಡಿಯಾಗಿ ಸಿಗಡಿ ಸಾಕಣೆಗೆ, ಮೀನು ಸಾಕಣೆಗೆ ಆಹಾರವಾಗುತ್ತದೆ. ಆ ವಾಸನೆ, ಆ ತ್ಯಾಜ್ಯದ ಬಗ್ಗೆ ಸುತ್ತಲಿನವರ ದೂರು ಹಳೆಯದು. ಸಾಕಿದ ಸಿಗಡಿ ಕೊಳ್ಳುವವರು ಇದಕ್ಕೆ ಹೊಣೆಯೇ? ಲಿಗೋರಿಯ ಮೆಟ್ಟಿಲಲ್ಲಿ ಅದು ತೀರಾ ದೂರದ ನೆರವು. ಕುಮಾರಪ್ಪನವರ ಲೆಕ್ಕದಲ್ಲಿ ಅಷ್ಟು ಸಲೀಸಾಗಿ ಬಿಡುಗಡೆಯಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ನಾಡದೋಣಿಯವರ ಮೀನಿಗಾಗಿ ಕಾಯಬೇಕೋ, ಹೊರರಾಜ್ಯದ ಐಸ್ ಮೀನು ಕೊಳ್ಳಬೇಕೋ ಎಂಬುದೂ ಇದೇ ಜಾತಿಯ ಪ್ರಶ್ನೆ.

ಒಬ್ಬೊಬ್ಬರೇ ಕೊಂಡು ಸಾಕೇ?

ಒಬ್ಬ ಮನೆಯೊಡತಿ ಸಕ್ಕರೆ ಬಿಟ್ಟರೆ ಜಗತ್ತು ಬದಲಾಗದು, ಕಾನೂನು ಮತ್ತು ಸಂಘಟನೆ ಬೇಕು ಎನ್ನುವವರು ಮುಂದಿನ ಪಂಥ. 1891ರಲ್ಲಿ ಪೋಪ್ 13ನೇ ಲಿಯೋ ಅವರ ಪರಿಪತ್ರ ಕಾರ್ಮಿಕನ ಕೂಲಿಯನ್ನು ನ್ಯಾಯದ ಪ್ರಶ್ನೆಯಾಗಿಸಿತು. 2009ರಲ್ಲಿ 16ನೇ ಬೆನೆಡಿಕ್ಟ್ ಕೊಳ್ಳುವುದು ಯಾವಾಗಲೂ ನೈತಿಕ ಕ್ರಿಯೆ ಎಂದು ನೇರವಾಗಿ ಬರೆದು, ಗ್ರಾಹಕರ ಸಹಕಾರಿ ಸಂಘಗಳನ್ನು ಹೊಗಳಿದರು. 2015ರ ‘ಲೌದಾತೊ ಸಿ’ಯಲ್ಲಿ ಪೋಪ್ ಫ್ರಾನ್ಸಿಸ್ ಅದೇ ಮಾತನ್ನು ಎತ್ತಿಕೊಂಡರು, ಜತೆಗೆ ಒಬ್ಬೊಬ್ಬರ ಸುಧಾರಣೆಯಿಂದ ಮಾತ್ರ ಈ ರೋಗ ವಾಸಿಯಾಗದು, ಸಮುದಾಯಗಳು ಕೂಡಿ ನಿಲ್ಲಬೇಕು ಎಂದರು.

ಈ ನೆಲದಲ್ಲಿ ಇದಕ್ಕೆ ಸಾಕ್ಷಿಯಿದೆ. 1912ರಲ್ಲಿ ಪಿ.ಎಫ್.ಎಕ್ಸ್. ಸಲ್ಡಾನ ಮಂಗಳೂರು ಕಥೊಲಿಕ್ ಸಹಕಾರಿ ಬ್ಯಾಂಕ್ ಕಟ್ಟಿದರು. 1973ರಲ್ಲಿ ಹುಟ್ಟಿದ, ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ಕ್ಯಾಂಪ್ಕೊ ಕ್ರೈಸ್ತ ಸಂಸ್ಥೆಯಲ್ಲ. ಆದರೆ ಕೋಕೋ ಕೊಳ್ಳುವವರಿಲ್ಲದೆ ರೈತರು ಕಂಗೆಟ್ಟಾಗ ಅದು ಕೈಹಿಡಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಕುಮಾರಪ್ಪನವರ ಕೋಕೋ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರ ನನಗೆ ಗೊತ್ತಿಲ್ಲ. ತಲಪಾಡಿ ಗಡಿಯಾಚೆ ಕೇರಳದಲ್ಲಿ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಹೋರಾಡಿ 2018ರಲ್ಲಿ ಕೆಲಸದ ಹೊತ್ತು ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಪಡೆದರು. ಮದುವೆಗೆ, ಅದಕ್ಕೆ ಮುಂಚಿನ ಶಾಸ್ತ್ರವಾದ ರೋಸ್‌ಗೆ ಸೀರೆ ಆರಿಸಲು ಇಡೀ ಕುಟುಂಬ ಸ್ಟೂಲಿನ ಮೇಲೆ ಕುಳಿತು ನೂರು ಸೀರೆ ಬಿಚ್ಚಿಸುವಾಗ, ಎದುರಿಗಿನ ಹುಡುಗಿ ಬೆಳಗಿನಿಂದ ನಿಂತೇ ಇದ್ದಾಳೆಂದು ಎಷ್ಟು ಮಂದಿಗೆ ಹೊಳೆದಿತ್ತು? ಯಾವ ಗಿರಾಕಿಯ ಸೌಜನ್ಯವೂ ಕೊಡಿಸದ ಕುರ್ಚಿಯನ್ನು ಅವರ ಸಂಘಟನೆ ಕೊಡಿಸಿತು.

ಬೇಕು ಎಂಬುದರ ಬೇರು

ಕೊನೆಯ ಪಂಥ ಸರಕನ್ನು ಬಿಟ್ಟು ಮನಸ್ಸಿನ ಕಡೆ ತಿರುಗುತ್ತದೆ. ಅಮೆರಿಕದ ದೇವಶಾಸ್ತ್ರಜ್ಞ ವಿಲಿಯಂ ಕ್ಯಾವನಾ 2008ರ ಪುಸ್ತಕದಲ್ಲಿ ಹೇಳಿದ ಮಾತು ಯೋಚನೆಗೆ ಹಚ್ಚುತ್ತದೆ: ಇಂದಿನ ಗ್ರಾಹಕನಿಗೆ ವಸ್ತುವಿನ ಮೇಲೆ ವ್ಯಾಮೋಹ ಹೆಚ್ಚಿಲ್ಲ, ಕಡಿಮೆಯಿದೆ, ಕೊಂಡದ್ದು ಕೈಗೆ ಬಂದೊಡನೆ ಮನಸ್ಸು ಮುಂದಿನದಕ್ಕೆ ಹಾರುತ್ತದೆ. ಇದಕ್ಕೆ ಮದ್ದು ತಪಸ್ಸುಕಾಲ, ಉಪವಾಸ, ಶುಕ್ರವಾರದ ಮಾಂಸತ್ಯಾಗ. ಆದರೆ ಶುಕ್ರವಾರ ಮಾಂಸ ಬಿಟ್ಟು ದುಬಾರಿ ಅಂಜಲ್ ಮೀನು ತರುವ ಮನೆಗಳಲ್ಲಿ ಆ ಮದ್ದು ಎಷ್ಟು ಕೆಲಸ ಮಾಡೀತು ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಮನಸ್ಸನ್ನೇ ಕೇಳಿಕೊಳ್ಳಬೇಕು.

ಇತ್ಯರ್ಥವಾಗದೆ ಉಳಿದದ್ದು

ಮೊದಲನೆಯದು ಬಡವರ ಪ್ರಶ್ನೆ. ಬೀಡಿ ಕಟ್ಟಿ ಮನೆ ನಡೆಸುವ ಹೆಂಗಸಿಗೆ ಅಗ್ಗದ ಬಟ್ಟೆ ಬಿಟ್ಟು ನ್ಯಾಯವಾದ ಬಟ್ಟೆ ಕೊಳ್ಳು ಎನ್ನಲು ಯಾರಿಗೆ ಅಧಿಕಾರವಿದೆ? ಖರೀದಿಯ ನೀತಿ ಉಳ್ಳವರ ಹವ್ಯಾಸವಾಗಿ ಉಳಿದರೆ ಅದು ಕ್ರೈಸ್ತ ನೀತಿಯಾಗಲಾರದು. ಆದರೆ ಬಡವರನ್ನು ಹೊಣೆಯಿಂದ ಪೂರ್ತಿ ಬಿಡಿಸಿದರೆ ಅವರ ವಿವೇಕವನ್ನು ಕಡೆಗಣಿಸಿದಂತೆ. ಇದಕ್ಕೆ ತೃಪ್ತಿಕರ ಉತ್ತರ ಯಾವ ಪಂಥದಲ್ಲೂ ಇಲ್ಲ.

ಭಾನುವಾರದ್ದು ಮತ್ತೊಂದು. ಪೂಜೆ ಮುಗಿಸಿ ಬಂದು ಮೊಬೈಲಿನಲ್ಲಿ ಬಿರಿಯಾನಿ ತರಿಸಿದರೆ ನಮ್ಮ ವಿಶ್ರಾಂತಿಗೆ ಇನ್ನೊಬ್ಬನ ವಿಶ್ರಾಂತಿ ಖರ್ಚಾಗುತ್ತದೆ. ತರಿಸದಿದ್ದರೆ ಅವನ ಅಂದಿನ ಗಳಿಕೆ ಹೋಗುತ್ತದೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ತಂದಿದೆ. ದಿನದ ಪಾವಿತ್ರ್ಯದ ಪ್ರಶ್ನೆ ಹಾಗೇ ಇದೆ.

ಬಹಿಷ್ಕಾರದ ಪ್ರಶ್ನೆ ಎಲ್ಲಕ್ಕಿಂತ ಗಂಭೀರ. 2022ರ ಮಾರ್ಚ್‌ನಲ್ಲಿ ಕಾಪು ಮಾರಿಗುಡಿ, ಮೂಲ್ಕಿಯ ಬಪ್ಪನಾಡು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲವೆಂದಾಗ, ವರ್ಷಗಳಿಂದ ಬಳೆ, ಆಟಿಕೆ ಮಾರುತ್ತಿದ್ದವರ ಹೊಟ್ಟೆಗೆ ಹೊಡೆತ ಬಿತ್ತು. ವೂಲ್ಮನ್ ಸಕ್ಕರೆ ಬಿಟ್ಟದ್ದೂ ಬಹಿಷ್ಕಾರವೇ. ಎರಡರ ನಡುವಿನ ಗೆರೆ ಎಲ್ಲಿ? ಮಾಡಿದ ಅನ್ಯಾಯಕ್ಕಾಗಿ ಕೊಳ್ಳದಿರುವುದು ಒಂದು, ಹುಟ್ಟಿದ ಮತಕ್ಕಾಗಿ ಕೊಳ್ಳದಿರುವುದು ಇನ್ನೊಂದು. ಎರಡನೆಯದು ಪಾಪ ಎಂದು ನಾನು ನಿಸ್ಸಂಶಯವಾಗಿ ಹೇಳುತ್ತೇನೆ. ಆದರೆ ನಮ್ಮವರ ಅಂಗಡಿಗೇ ಹೋಗೋಣ ಎಂಬ, ಕ್ರೈಸ್ತರಲ್ಲೂ ಕೇಳುವ ಸೌಮ್ಯವಾದ ಮಾತು ಗೆರೆಯ ಯಾವ ಬದಿಗಿದೆ? ಸಣ್ಣ ಸಮುದಾಯ ತನ್ನವರನ್ನು ಆಧರಿಸುವುದಕ್ಕೂ ಉಳಿದವರನ್ನು ದೂರವಿಡುವುದಕ್ಕೂ ಅಂತರ ಎಷ್ಟು? ಇದನ್ನು ನಮ್ಮ ಸಭೆಗಳು ಇನ್ನೂ ಗಟ್ಟಿಯಾಗಿ ಚರ್ಚಿಸಿಲ್ಲ.

ಚರ್ಚಿಸಬೇಕು. ಬರುವ ತಪಸ್ಸುಕಾಲದಲ್ಲಿ ವಾರ್ಡ್ ಸಭೆಗಳಲ್ಲಿ ಗುರಿಕಾರರು ಈ ವಿಷಯವನ್ನು ಎತ್ತಿಕೊಳ್ಳಲಿ. ಮೀನು ಮಾರುವ ಹೆಂಗಸನ್ನೂ, ಬಟ್ಟೆ ಅಂಗಡಿಯ ಹುಡುಗಿಯನ್ನೂ, ಕೋಳಿ ಅಂಗಡಿಯ ಬ್ಯಾರಿಯನ್ನೂ ಕರೆದು ಕೂರಿಸಿ, ನಾವು ಎಂಥ ಗಿರಾಕಿಗಳು ಎಂದು ಅವರ ಬಾಯಿಂದಲೇ ಕೇಳಲಿ.